ಶ್ವಾಸನಾಳದ ಒಂದು ಹೊಲಿಗೆ: ಟೊರಾಂಟೊ ಕೇಳಿದ ಪ್ರಶ್ನೆ, ಮುಂಬಯಿ ಕೇಳಬೇಕಾದ ಪ್ರಶ್ನೆ

ಶ್ವಾಸಕೋಶ ಕಸಿಯ ಚರಿತ್ರೆ ಸಾಮಾನ್ಯವಾಗಿ ಎರಡು ದಿನಾಂಕಗಳ ನಡುವೆ ಮುಗಿದುಹೋಗುತ್ತದೆ. 1963ರ ಜೂನ್ 11ರಂದು ಅಮೆರಿಕದ ಮಿಸಿಸಿಪ್ಪಿಯಲ್ಲಿ ಜೇಮ್ಸ್ ಹಾರ್ಡಿ ಮನುಷ್ಯನೊಬ್ಬನಿಗೆ ಮೊದಲ ಬಾರಿ ಶ್ವಾಸಕೋಶ ಕಸಿ ಮಾಡಿದರು. ರೋಗಿ 18 ದಿನ ಬದುಕಿದ. 1983ರ ನವೆಂಬರ್ 7ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಜೋಯೆಲ್ ಕೂಪರ್ ಮಾಡಿದ ಕಸಿಯ ರೋಗಿ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ. ಈ ಲೇಖನದ ಆಸಕ್ತಿ ಆ ಎರಡು ದಿನಗಳಿಗಿಂತ ನಡುವಣ ಇಪ್ಪತ್ತು ವರ್ಷಗಳಲ್ಲಿದೆ. ಆ ಅವಧಿಯಲ್ಲಿ ಜಗತ್ತಿನಾದ್ಯಂತ ಸುಮಾರು ನಲವತ್ತು ಪ್ರಯತ್ನಗಳು ನಡೆದವು. ಅವುಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಗುವಷ್ಟು ಸುಧಾರಿಸಿದ ರೋಗಿ ಒಬ್ಬನೇ. 1968ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಫ್ರಿಟ್ಸ್ ದೆರೋಂ ಅವರ ಕೈಯಲ್ಲಿ ಕಸಿಯಾದ 23ರ ತರುಣ ಅವನು. ಬದುಕಿದ್ದು ಸುಮಾರು ಹತ್ತು ತಿಂಗಳು. ಮರಳು ಚಿಮ್ಮಿಸಿ ಲೋಹ ಉಜ್ಜುವ ಕೆಲಸದಲ್ಲಿದ್ದ ಅವನಿಗೆ ಬಂದಿದ್ದುದು ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1947ರಲ್ಲಿ, ನಮ್ಮದೇ ಕೋಲಾರದ ಚಿನ್ನದ ಗಣಿಯಿಂದ ಎಂಬುದನ್ನು ಕನ್ನಡದ ಓದುಗ ಇಲ್ಲಿ ನೆನೆಯದೆ ಇರಲಾರ.

ಮೂತ್ರಪಿಂಡದ ಕಸಿ ಅಷ್ಟರಲ್ಲೇ ಗೆದ್ದಿತ್ತು, ಹೃದಯದ ಕಸಿ ಕುಂಟುತ್ತಲಾದರೂ ನಡೆದಿತ್ತು. ಶ್ವಾಸಕೋಶ ಮಾತ್ರ ಏಕೆ ಸೋತಿತು? ಉತ್ತರ ದೇಹರಚನೆಯಲ್ಲಿದೆ. ಶ್ವಾಸನಾಳದ ಗೋಡೆಗೆ ರಕ್ತ ಉಣಿಸುವುದು ಮಹಾಪಧಮನಿಯಿಂದ ಹೊರಡುವ ಸಣ್ಣ ಧಮನಿಗಳು. ದಾನಿಯ ಶ್ವಾಸಕೋಶವನ್ನು ಹೊರತೆಗೆಯುವಾಗ ಇವು ಕತ್ತರಿಸಿಹೋಗುತ್ತವೆ. ಅವುಗಳನ್ನು ಮತ್ತೆ ಜೋಡಿಸುವುದು ಕಷ್ಟ. ಫ್ರಾನ್ಸಿನ ಆನ್ರಿ ಮೆತ್ರಾ 1950ರಲ್ಲೇ ನಾಯಿಗಳಲ್ಲಿ ಅದನ್ನು ಮಾಡಿ ತೋರಿಸಿದ್ದರೂ ಆ ದಾರಿ ರೂಢಿಗೆ ಬರಲಿಲ್ಲ. ಹೀಗಾಗಿ ರೋಗಿಯ ಶ್ವಾಸನಾಳಕ್ಕೆ ಹೊಲಿದ ದಾನಿಯ ಶ್ವಾಸನಾಳದ ತುದಿ ಕೆಲವು ವಾರ ಹಿಮ್ಮುಖವಾಗಿ ಒಸರುವ, ಒತ್ತಡ ಕಡಿಮೆಯಿರುವ ರಕ್ತವನ್ನೇ ನೆಚ್ಚಿಕೊಳ್ಳಬೇಕು. ಸಾಲದ್ದಕ್ಕೆ ಪ್ರತಿ ಉಸಿರಿನೊಂದಿಗೆ ಹೊರಗಿನ ಗಾಳಿ, ಸೂಕ್ಷ್ಮಜೀವಿ ಎರಡೂ ಆ ಜಾಗವನ್ನು ತಾಕುತ್ತವೆ. ಮೊದಲ ವಾರ ದಾಟಿದ ರೋಗಿಗಳಲ್ಲಿ ಬಹಳಷ್ಟು ಮಂದಿ ಸತ್ತದ್ದು ಈ ಹೊಲಿಗೆ ಬಿಚ್ಚಿಕೊಂಡು.

ಕೂಪರ್ ಅವರ ಸಂಶೋಧನೆಯೂ ಒಂದು ಸೋಲಿನಿಂದಲೇ ಹೊರಟಿತು. 1978ರಲ್ಲಿ ಟೊರಾಂಟೊ ತಂಡ ಹೊಗೆಯಿಂದ ಶ್ವಾಸಕೋಶ ಸುಟ್ಟುಹೋಗಿದ್ದ ರೋಗಿಗೆ ಕಸಿ ಮಾಡಿತು. ಮೂರನೆಯ ವಾರದಲ್ಲಿ ಹೊಲಿಗೆ ಬಿಟ್ಟುಕೊಂಡಿತು, ರೋಗಿ ಉಳಿಯಲಿಲ್ಲ. ಆಮೇಲೆ ತಂಡ ಪ್ರಯೋಗಾಲಯಕ್ಕೆ ಹಿಂತಿರುಗಿ ಕೇಳಿಕೊಂಡ ಪ್ರಶ್ನೆ ಬಹಳ ಕಿರಿದು: ಹೊಲಿಗೆ ಬಿಚ್ಚಿದ್ದು ರಕ್ತ ಸಾಲದೆಯೋ, ದೇಹ ಅಂಗವನ್ನು ತಿರಸ್ಕರಿಸಿದ್ದರಿಂದಲೋ, ತಿರಸ್ಕಾರ ತಡೆಯಲು ಕೊಟ್ಟ ಔಷಧದಿಂದಲೋ?

ಈ ಮೂರನ್ನು ಬಿಡಿಸಿ ನೋಡಲು ಅವರು ಆರಿಸಿಕೊಂಡ ಉಪಾಯ ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತ್ಯಂತ ಸುಂದರ ಭಾಗ. ನಾಯಿಯ ಶ್ವಾಸಕೋಶವನ್ನು ಬಿಡಿಸಿ ಅದೇ ನಾಯಿಗೆ ಮರಳಿ ಹೊಲಿದರು. ಅಂಗ ತನ್ನದೇ ಆದ್ದರಿಂದ ತಿರಸ್ಕಾರದ ಮಾತೇ ಬರುವುದಿಲ್ಲ. ಉಳಿಯುವುದು ಹೊಲಿಗೆ ಮತ್ತು ಔಷಧ. ಕೆಲವು ನಾಯಿಗಳಿಗೆ ಔಷಧವಿಲ್ಲ, ಕೆಲವಕ್ಕೆ ಸ್ಟೀರಾಯ್ಡ್ ಮತ್ತು ಅಜತಯೋಪ್ರಿನ್. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಪಡೆದವುಗಳಲ್ಲಿ ಶ್ವಾಸನಾಳ ಕೂಡಿಕೊಳ್ಳುವುದು ಸ್ಪಷ್ಟವಾಗಿ ಕುಂದಿತು. ಅಲ್ಲಿಯವರೆಗೆ ಯಾವುದನ್ನು ಕಸಿಯ ರಕ್ಷಕನೆಂದು ನಂಬಿದ್ದರೋ ಅದೇ ಹೊಲಿಗೆಯ ಶತ್ರುವಾಗಿತ್ತು. 1983ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ತಿರಸ್ಕಾರ ತಡೆಯುವ ಇನ್ನೊಂದು ಔಷಧ ಸೈಕ್ಲೋಸ್ಪೊರಿನ್ ಅಂಥ ಹಾನಿ ಮಾಡಲಿಲ್ಲ. ರಕ್ತದ ಕೊರತೆಗೆ ಇನ್ನೊಂದು ಪರಿಹಾರ ಸಿಕ್ಕಿತು. ಹೊಟ್ಟೆಯೊಳಗೆ ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಒಮೆಂಟಮ್ ಎಂಬ ಕೊಬ್ಬಿನ ಪದರವನ್ನು ವಪೆಯ ಮೂಲಕ ಎದೆಗೆ ತಂದು ಹೊಲಿಗೆಯ ಸುತ್ತ ಸುತ್ತಿದರೆ, ಕೆಲವೇ ದಿನಗಳಲ್ಲಿ ಅಲ್ಲಿಂದ ಹೊಸ ರಕ್ತನಾಳಗಳು ಬೆಳೆಯುತ್ತಿದ್ದವು.

ರೋಗಿಯ ಆಯ್ಕೆಯಲ್ಲೂ ಇದೇ ನಿಷ್ಠುರ ವಿವೇಕ ಕಾಣುತ್ತದೆ. ಗಾಳಿಗೂಡುಗಳು ಹಿಗ್ಗಿ ಹಾಳಾಗುವ ಎಂಫಿಸೀಮಾ ಇರುವವರಿಗೆ ಒಂದೇ ಶ್ವಾಸಕೋಶ ಹಾಕಿದರೆ ಉಳಿದ ಹಳೆಯದು ಉಬ್ಬಿಕೊಂಡು ಹೊಸದನ್ನು ಒತ್ತಿಬಿಡುವ ಭಯವಿತ್ತು. ಫೈಬ್ರೋಸಿಸ್‌ನಲ್ಲಿ ಹಳೆಯ ಶ್ವಾಸಕೋಶ ಗಟ್ಟಿಯಾಗಿ ಕುಗ್ಗಿರುವುದರಿಂದ ಗಾಳಿಯೂ ರಕ್ತವೂ ತಾವಾಗಿಯೇ ಹೊಸದರತ್ತ ಹರಿಯುತ್ತವೆ. ಆದ್ದರಿಂದ ಫೈಬ್ರೋಸಿಸ್ ಇದ್ದ, ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಇಲ್ಲದೆ ಇರಬಲ್ಲ ರೋಗಿಯನ್ನೇ ಆರಿಸಿದರು. 1986ರಲ್ಲಿ ಎರಡೂ ಶ್ವಾಸಕೋಶಗಳ ಕಸಿ ಸಾಧ್ಯವಾಯಿತು. ಕೂಪರ್ 1988ರಲ್ಲಿ ಸೇಂಟ್ ಲೂಯಿಸ್‌ಗೆ ಹೋದ ಮೇಲೆ ಎಂಫಿಸೀಮಾ ರೋಗಿಗಳ ಶ್ವಾಸಕೋಶದ ಹಾಳಾದ ಭಾಗವನ್ನು ಕತ್ತರಿಸಿ ಉಳಿದುದಕ್ಕೆ ಜಾಗ ಮಾಡಿಕೊಡುವ ಶಸ್ತ್ರಕ್ರಿಯೆಯನ್ನು ಬೆಳೆಸಿದರು. ಅದರ ನಿಜವಾದ ಬೆಲೆ ಏನೆಂದು ಅಳೆಯಲು 1218 ರೋಗಿಗಳ ಮೇಲೆ ನಡೆದ ರಾಷ್ಟ್ರೀಯ ಪ್ರಯೋಗದ ಫಲಿತಾಂಶ 2003ರಲ್ಲಿ ಹೊರಬಂದಿತು: ಕೆಲವರಿಗೆ ಲಾಭ, ಕೆಲವರಿಗೆ ಅಪಾಯ. ಒಮೆಂಟಮ್ ಹೊದಿಕೆ ಕೂಡ ಅನಿವಾರ್ಯವಲ್ಲ ಎಂದು ಮುಂದೆ ತಿಳಿಯಿತು. ಹೊಲಿಯುವ ವಿಧಾನ, ಅಂಗವನ್ನು ಕಾಪಿಡುವ ದ್ರಾವಣ ಸುಧಾರಿಸಿದಂತೆ ಅದನ್ನು ಬಿಟ್ಟರು. ಉತ್ತರ ಹಳತಾಯಿತು. ಪ್ರಶ್ನೆ ಕೇಳಿದ ಕ್ರಮ ಹಳತಾಗಲಿಲ್ಲ.

ಈಗ ಮುಂಬಯಿಗೆ ಬರೋಣ. ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪ್ರಫುಲ್ಲ ಕುಮಾರ್ ಸೇನ್ 1968ರ ಫೆಬ್ರವರಿ 16ರಂದು ಹೃದಯ ಕಸಿ ಮಾಡಿದರು. ಜಗತ್ತಿನಲ್ಲಿ ಮನುಷ್ಯನ ಹೃದಯ ಕಸಿ ಮಾಡಿದ ನಾಲ್ಕನೆಯ ಶಸ್ತ್ರವೈದ್ಯ ಅವರು. ರೋಗಿ ಕೆಲವೇ ಗಂಟೆ ಬದುಕಿದ. ಅದೇ ವರ್ಷದ ಸೆಪ್ಟೆಂಬರ್‌ನ ಎರಡನೆಯ ಪ್ರಯತ್ನವೂ ಗಂಟೆಗಳಲ್ಲೇ ಮುಗಿಯಿತು. ಸೇನ್ ಅವಸರದ ಮನುಷ್ಯ ಎಂದು ತೀರ್ಪು ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರ ಹಿಂದೆ ಅದೇ ಆಸ್ಪತ್ರೆಯ ಪ್ರಾಣಿ ಪ್ರಯೋಗಾಲಯದ ವರ್ಷಗಳ ದುಡಿಮೆ ಇತ್ತು. 1965ರಲ್ಲಿ ಮೃತ ದಾನಿಯಿಂದ ಮೂತ್ರಪಿಂಡ ಕಸಿಯೂ ಅಲ್ಲೇ ನಡೆದಿತ್ತು. ಇಲ್ಲದಿದ್ದುದು ಮೂರನೆಯ, ಹತ್ತನೆಯ ರೋಗಿಯವರೆಗೆ ಪ್ರಶ್ನೆಯನ್ನು ಕೊಂಡೊಯ್ಯುವ ಆಸರೆ. ಮಿದುಳಿನ ಸಾವನ್ನು ಸಾವೆಂದು ಒಪ್ಪುವ ಕಾಯ್ದೆ ಭಾರತಕ್ಕೆ ಬಂದದ್ದು 1994ರಲ್ಲಿ. ಆ ವರ್ಷವೇ ದಿಲ್ಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಮಾಡಿದ ಹೃದಯ ಕಸಿ ಯಶಸ್ವಿಯಾಯಿತು. 1999ರಲ್ಲಿ ಚೆನ್ನೈಯಲ್ಲಿ ಕೆ.ಎಂ. ಚೆರಿಯನ್ ಹೃದಯ ಮತ್ತು ಶ್ವಾಸಕೋಶಗಳನ್ನು ಒಟ್ಟಿಗೆ ಕಸಿ ಮಾಡಿದರು. ಈಗ ಪರೇಲ್‌ನ ಖಾಸಗಿ ಆಸ್ಪತ್ರೆಯಲ್ಲೂ ಶ್ವಾಸಕೋಶ ಕಸಿ ನಡೆಯುತ್ತದೆ.

ಕೈಚಳಕದ ಕೊರತೆ ಇಲ್ಲವೆಂದಾದರೆ ಮುಂಬಯಿಗೆ ತನ್ನದೇ ಆದ ಪ್ರಶ್ನೆ ಯಾವುದು? ಅದನ್ನು ಪರೇಲ್‌ನಲ್ಲಿ ನಿಂತು ಕೇಳುವುದಕ್ಕಿಂತ ವಿಕ್ರೋಳಿಯಲ್ಲಿ ನಿಂತು ಕೇಳುವುದು ಮೇಲು. ಗೋದ್ರೆಜ್ ಕಾರ್ಖಾನೆಗಳ ಸುತ್ತ ಬೆಳೆದ ಉಪನಗರ ಇದು. ಪೂರ್ವಕ್ಕೆ ಠಾಣೆ ಖಾರಿಯ ಕಾಂಡ್ಲಾ ಕಾಡು, ಪಕ್ಕದಲ್ಲೇ ಕಾಂಜೂರ್‌ಮಾರ್ಗದ ಕಸದ ಗುಡ್ಡ. ಅದರ ದುರ್ವಾಸನೆಯ ಬಗ್ಗೆ ಕನ್ನಮ್ವಾರ್ ನಗರ, ಟಾಗೋರ್ ನಗರದ ನಿವಾಸಿಗಳು ವರ್ಷಗಳಿಂದ ದೂರುತ್ತಿದ್ದಾರೆ. ಕರಾವಳಿಯಿಂದ ಹೋಟೆಲ್ ಮತ್ತು ಕಾರ್ಖಾನೆಗೆ ಬಂದವರು, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಎಲ್ಲರೂ ಈ ಪೂರ್ವ ಉಪನಗರಗಳ ಗಾಳಿಯನ್ನೇ ಉಸಿರಾಡಿದವರು. ಇಂಥ ಕಡೆ ಶ್ವಾಸಕೋಶ ಕೆಟ್ಟವನ ಹಿಂದೆ ಬಹಳ ಸಲ ಒಂದು ಹಳೆಯ ಕ್ಷಯ ಇರುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಭಾರತದವರು. ಯಾವ ಔಷಧಕ್ಕೂ ಜಗ್ಗದ ಕ್ಷಯದ ನಾಲ್ಕು ಪ್ರಕರಣಗಳನ್ನು ಜರೀರ್ ಉದ್ವಾಡಿಯಾ ಮತ್ತವರ ಸಹೋದ್ಯೋಗಿಗಳು ಪ್ರಕಟಿಸಿ 2012ರಲ್ಲಿ ದೇಶವೇ ಬೆಚ್ಚುವಂತೆ ಮಾಡಿದ್ದು ಇದೇ ಮುಂಬಯಿಯ ಹಿಂದುಜಾ ಆಸ್ಪತ್ರೆಯಿಂದ.

ಕ್ಷಯ ಬಂದುಹೋದ ಶ್ವಾಸಕೋಶ ಪಕ್ಕೆಲುಬಿನ ಗೋಡೆಗೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ರಕ್ತ ಧಾರಾಳ ಸುರಿಯುತ್ತದೆ. ರೋಗಿ ಬಡಕಲಾಗಿರುತ್ತಾನೆ. ಕಸಿಯ ಮೇಲೆ ಜೀವನಪರ್ಯಂತ ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕಾದಾಗ ಅಡಗಿದ್ದ ಕ್ಷಯ ಏಳಬಹುದು. ಆಗ ಕೊಡಬೇಕಾದ ಮುಖ್ಯ ಔಷಧ ರಿಫಾಂಪಿಸಿನ್. ಅದು ಯಕೃತ್ತಿನ ಕಿಣ್ವಗಳನ್ನು ಕೆರಳಿಸಿ, ತಿರಸ್ಕಾರ ತಡೆಯುವ ಸೈಕ್ಲೋಸ್ಪೊರಿನ್ ಮತ್ತು ಟ್ಯಾಕ್ರೊಲಿಮಸ್‌ಗಳನ್ನು ರಕ್ತದಿಂದ ಬೇಗನೆ ಕಳೆದುಬಿಡುತ್ತದೆ. ಕ್ಷಯವನ್ನು ಗೆಲ್ಲಲು ಹೋದರೆ ಕಸಿ ಸೋಲಬಹುದು, ಕಸಿಯನ್ನು ಉಳಿಸಲು ಹೋದರೆ ಕ್ಷಯ ಗೆಲ್ಲಬಹುದು. ಟೊರಾಂಟೊದಲ್ಲಿ ಸ್ಟೀರಾಯ್ಡ್ ಮತ್ತು ಹೊಲಿಗೆಯ ನಡುವೆ ಇದ್ದ ವಿರೋಧ ಇಲ್ಲಿ ರಿಫಾಂಪಿಸಿನ್ ಮತ್ತು ಸೈಕ್ಲೋಸ್ಪೊರಿನ್ ನಡುವೆ ಇದೆ. ಅದನ್ನು ನಾಲ್ಕು ದಶಕಗಳ ಹಿಂದಿನ ಆ ತಾಳ್ಮೆಯಿಂದ ಬಿಡಿಸಿ ನೋಡಬೇಕಾದವರು ನಾವೇ. ಕ್ಷಯ ವಿರಳವಾಗಿರುವ ದೇಶಗಳಿಗೆ ಇದು ಅಂಚಿನ ಸಮಸ್ಯೆ.

ಎರಡನೆಯ ಪ್ರಶ್ನೆ ಫೈಬ್ರೋಸಿಸ್‌ನದು. 2017ರಲ್ಲಿ ಪ್ರಕಟವಾದ, ಶ್ವಾಸಕೋಶದ ಈ ಬಗೆಯ ಕಾಯಿಲೆಗಳ ಭಾರತೀಯ ನೋಂದಣಿಯಲ್ಲಿ 19 ನಗರಗಳ 1084 ರೋಗಿಗಳಿದ್ದರು, ಶೇ. 47ರಷ್ಟು ಮಂದಿಗೆ ಬಂದಿದ್ದುದು ಉಸಿರಿನೊಂದಿಗೆ ಒಳಹೋದ ಕಣಗಳಿಗೆ ಶ್ವಾಸಕೋಶ ಕೆರಳುವ ಅತಿಸಂವೇದನೆಯ ಉರಿಯೂತ. ಪಾಶ್ಚಾತ್ಯ ಪಟ್ಟಿಗಳಲ್ಲಿ ಮುಂದಿರುವ ಕಾರಣ ತಿಳಿಯದ ಫೈಬ್ರೋಸಿಸ್ ಇಲ್ಲಿ ಶೇ. 14ರ ಆಸುಪಾಸು. ಏರ್ ಕೂಲರ್, ಹಕ್ಕಿಗಳ ಹಿಕ್ಕೆ, ಬೂಸ್ಟು ಮುಖ್ಯ ಶಂಕಿತರು. 2025ರ ಜುಲೈಯಲ್ಲಿ ಮುಂಬಯಿಯ 51 ಪಾರಿವಾಳ ತಾಣಗಳನ್ನು ಮುಚ್ಚಲು ಆದೇಶವಾದಾಗ ಎದ್ದ ಗದ್ದಲದ ನಡುವೆ ವೈದ್ಯರು ಹೇಳುತ್ತಿದ್ದುದು ಈ ಕಾಯಿಲೆಯ ಕುರಿತೇ. ಕಾರಣವನ್ನು ಬೇಗ ಗುರುತಿಸಿ ದೂರವಿಟ್ಟರೆ ಎಷ್ಟೋ ಮಂದಿಗೆ ಕಸಿಯ ಅಗತ್ಯವೇ ಬರುವುದಿಲ್ಲ. ಕಸಿಯಾದವರಲ್ಲಿ ಅರ್ಧದಷ್ಟು ಮಂದಿ ಬದುಕುವುದು ಇಂದಿಗೂ ಆರೇಳು ವರ್ಷ ಎನ್ನುವಾಗ ಈ ತಡೆ ಚಿಕಿತ್ಸೆಗಿಂತ ಕಿರಿದಲ್ಲ.

ಇದಕ್ಕೆ ಮುಂಬಯಿಯಲ್ಲೇ ಮಾದರಿ ಇದೆ. ಕೆ.ಇ.ಎಂ.ನ ಎದೆರೋಗ ತಜ್ಞ ಎಸ್.ಆರ್. ಕಾಮತ್ ಮತ್ತವರ ತಂಡ 1970ರ ದಶಕದ ಕೊನೆಯಲ್ಲಿ ಲಾಲ್‌ಬಾಗ್, ಚೆಂಬೂರ್, ಖಾರ್ ಬಡಾವಣೆಗಳ ಜನರನ್ನೂ ಒಂದು ಹಳ್ಳಿಯ ಜನರನ್ನೂ ಮನೆಮನೆಯಲ್ಲಿ ಪರೀಕ್ಷಿಸಿ, ಗಾಳಿಯ ಮಾಲಿನ್ಯಕ್ಕೂ ಉಸಿರಿನ ಕಾಯಿಲೆಗೂ ಇರುವ ಸಂಬಂಧವನ್ನು ಅಳೆಯಿತು. ಚೆಂಬೂರಿನಿಂದ ಕೆಲವೇ ಮೈಲಿ ಉತ್ತರದ ವಿಕ್ರೋಳಿ ಆ ಪಟ್ಟಿಯಲ್ಲಿರಲಿಲ್ಲ. ಕನ್ನಮ್ವಾರ್ ನಗರದ ಪಾಲಿಕೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಉಬ್ಬಸವೆಂದು ಬರುವ ಪ್ರತಿಯೊಬ್ಬರ ಕೆಲಸ, ಮನೆಯ ಹತ್ತಿರದ ಪಾರಿವಾಳ, ಹಿಂದಿನ ಕ್ಷಯದ ಔಷಧ, ನುಂಗಿದ ಸ್ಟೀರಾಯ್ಡ್‌ನ ಪ್ರಮಾಣ, ಆರು ನಿಮಿಷ ನಡೆದ ದೂರ ಇಷ್ಟನ್ನು ಬರೆದಿಟ್ಟು ವರ್ಷಕ್ಕೊಮ್ಮೆ ಮತ್ತೆ ಅಳೆದರೆ, ಯಾವ ರೋಗಿಯನ್ನು ಯಾವಾಗ ಪರೇಲ್‌ಗೆ ಕಳಿಸಬೇಕು ಎಂಬುದಕ್ಕೆ ಮುಂಬಯಿಯ ಶಸ್ತ್ರವೈದ್ಯನಿಗೆ ಟೊರಾಂಟೊದ ಅಂಕಿಗಳನ್ನು ಎರವಲು ತರಬೇಕಾಗುವುದಿಲ್ಲ.