ಡ್ರಿಪ್ಪಿಗೇರಿದ ಎಳನೀರು

1942ರಲ್ಲಿ ಹವಾನಾದ ವೈದ್ಯರ ತಂಡವೊಂದು 12 ಮಕ್ಕಳಿಗೆ ಸೋಸಿದ ಎಳನೀರನ್ನು ನೇರವಾಗಿ ರಕ್ತನಾಳಕ್ಕೆ ಹನಿಸಿ, ಯಾರಿಗೂ ತೊಂದರೆಯಾಗಲಿಲ್ಲವೆಂದು ವರದಿ ಬರೆಯಿತು. ಆಗ ಮಹಾಯುದ್ಧದ ಕಾಲ. ಸಿಲೋನಿನಲ್ಲಿ ಬ್ರಿಟಿಷರು, ಸುಮಾತ್ರಾದಲ್ಲಿ ಜಪಾನೀಯರು ಸಲೈನಿನ ಬದಲು ಎಳನೀರನ್ನೇ ಹಾಕಿದರೆಂದು ವೈದ್ಯಕೀಯ ಪತ್ರಿಕೆಗಳು ದಾಖಲಿಸಿವೆ. ಬಿರುಕಿಲ್ಲದ ಕಾಯಿಯೊಳಗಿನ ನೀರಿನಲ್ಲಿ ರೋಗಾಣುಗಳಿರುವುದಿಲ್ಲ ಎಂಬುದೇ ಈ ಧೈರ್ಯಕ್ಕೆ ಮೂಲ.

1954ರಲ್ಲಿ ಅಮೆರಿಕದ ಶಸ್ತ್ರವೈದ್ಯ ಐಸ್‌ಮನ್ ಇದೇ ವಿಷಯದ ಮೇಲೆ ಲೇಖನ ಬರೆದರು. 2000ದಲ್ಲೂ ಸಾಲೊಮನ್ ದ್ವೀಪದ ರೋಗಿಯೊಬ್ಬರಿಗೆ ಹೀಗೆ ಎಳನೀರು ಹನಿಸಿದ ವರದಿ ಬಂತು. ಆದರೂ ಅದು ಸಲೈನಿನ ಜಾಗ ಹಿಡಿಯಲಿಲ್ಲ. ಒಂದು ಲೋಟ ಎಳನೀರಿನಲ್ಲಿ ಸುಮಾರು 500–600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಸೋಡಿಯಂ ಮಾತ್ರ ಕಡಿಮೆ. ರಕ್ತಕ್ಕೆ ಬೇಕಾದದ್ದು ಇದರ ತದ್ವಿರುದ್ಧ. ಬೇರೆ ದಾರಿಯಿಲ್ಲದಾಗ, ಅದೂ ಸ್ವಲ್ಪ ಹೊತ್ತಿಗೆ ಮಾತ್ರ ಅದು ಒದಗುತ್ತಿತ್ತು.

ಆಸ್ಪತ್ರೆಯಲ್ಲಿ ಗೊತ್ತಾಗಿದ್ದ ಈ ಸತ್ಯ ಆಟದ ಮೈದಾನಕ್ಕೆ ಬರುವಷ್ಟರಲ್ಲಿ ಮರೆತುಹೋಯಿತು. ಬೆವರಿನಲ್ಲಿ ಹೆಚ್ಚಾಗಿ ಹೋಗುವ ಲವಣ ಸೋಡಿಯಂ. 1965ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ಆಟಗಾರರಿಗಾಗಿ ಗೇಟರೇಡ್ ಬೆರೆಸಿದಾಗ ಉಪ್ಪನ್ನು ಬಿಡಲಿಲ್ಲ. 2004ರಲ್ಲಿ ಅಮೆರಿಕದಲ್ಲಿ ವೀಟಾ ಕೊಕೊ, ಜೀಕೊ ಎಂಬ ಎರಡು ಬ್ರಾಂಡುಗಳು ಹುಟ್ಟಿದವು. ಎಳನೀರು ನಿಸರ್ಗವೇ ಕೊಟ್ಟ ಕ್ರೀಡಾಪೇಯ ಎಂಬ ಮಾತು ಅಲ್ಲಿಂದಾಚೆ ಜೋರಾಗಿ ಹಬ್ಬಿತು. 2012ರಲ್ಲಿ 12 ಮಂದಿ ಪುರುಷರನ್ನು ಟ್ರೆಡ್‌ಮಿಲ್ ಮೇಲೆ ದಣಿಸಿ, ಸಾದಾ ನೀರು, ಎಳನೀರು, ಕ್ರೀಡಾಪೇಯಗಳನ್ನು ಕುಡಿಸಿ ನೋಡಿದರು. ದೇಹದ ನೀರಿನಂಶ ಮರಳುವುದರಲ್ಲಾಗಲಿ, ಮುಂದಿನ ಓಟದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಳನೀರು ಕುಡಿದವರಲ್ಲಿ ಕೆಲವರಿಗೆ ಹೊಟ್ಟೆ ಉಬ್ಬರಿಸಿತು.

ಹಾಗೆಂದು ಎಳನೀರೇನೂ ಕಡಿಮೆಯಾಗುವುದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ದೆಹಲಿ, ಮುಂಬೈಗಳವರೆಗೆ ಹೋಗುತ್ತದೆ. ಬಾಟಲಿಗೆ ತುಂಬುವವರ ದೊಡ್ಡ ತಲೆನೋವೇ ಕಾಯಿ ಕೊಚ್ಚಿದ ಮೇಲಿನದು: ಗಾಳಿ ತಾಗಿದ ನೀರು ಬೇಗ ಬಣ್ಣ ಕೆಡುತ್ತದೆ, ಹುಳಿಯುತ್ತದೆ, ಕಾಯಿಸಿದರೆ ರುಚಿ ಹೋಗುತ್ತದೆ. ರಸ್ತೆಬದಿಯಲ್ಲಿ ಆ ರಗಳೆಯೇ ಇಲ್ಲ. ‘ನೀರಾ, ಗಂಜಿನಾ?’ ಎಂದು ಕೇಳಿ, ಮಚ್ಚಿನಿಂದ ಮೂರ್ನಾಲ್ಕು ಏಟಿಗೆ ತಲೆ ಕೆತ್ತಿ ಕೈಗಿಡುತ್ತಾರೆ. ಕುಡಿದಾದ ಮೇಲೆ ಕಾಯಿ ಸೀಳಿ, ಸಿಪ್ಪೆಯದೇ ಚೂರನ್ನು ಚಮಚ ಮಾಡಿ ಕೊಡುತ್ತಾರೆ.

ವಾಕಿಂಗ್ ಮುಗಿಸಿ ಬಂದವರಿಗೆ ಅಷ್ಟು ಧಾರಾಳ ಸಾಕು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಪೊಟ್ಯಾಸಿಯಂ ಕಾರಣಕ್ಕೆ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಇನ್ನು ಬಿಸಿಲಲ್ಲಿ ಗಂಟೆಗಟ್ಟಲೆ ಓಡುವವರಿಗೂ ಗದ್ದೆಯಲ್ಲಿ ಬೆವರು ಹರಿಸುವವರಿಗೂ ಎಳನೀರಿನ ಜೊತೆಗೆ ಉಪ್ಪೂ ಬೇಕು. ಉಪ್ಪು ಹಾಕಿದ ನೀರುಮಜ್ಜಿಗೆ ಆ ಕೊರತೆಯನ್ನು ಚೆನ್ನಾಗಿ ತುಂಬುತ್ತದೆ.