ಹಿಡಿ ಜೋಳ

ನವನಗರ ಪೂರಾ ಹುಬ್ಬಳ್ಳಿಯೂ ಅಲ್ಲ, ಪೂರಾ ಧಾರವಾಡವೂ ಅಲ್ಲ. ಎರಡೂ ಊರುಗಳ ನಡುವಿನ ಇಪ್ಪತ್ತು ಕಿಲೋಮೀಟರು ದಾರಿಯಲ್ಲಿ, ಅಮರಗೋಳದ ಮಗ್ಗುಲಿಗೆ ಎದ್ದ ಬಡಾವಣೆ. ನಮ್ಮ ಅಜ್ಜ ನಿವೃತ್ತನಾಗಿ ಅಲ್ಲೊಂದು ಮನೆ ಕಟ್ಟಿದ. ಆ ಮನೆಯ ಅಡುಗೆಮನೆಯಲ್ಲಿ ಜೋಳದ ಡಬ್ಬಿಯ ಪಕ್ಕ ಇನ್ನೊಂದು ಸಣ್ಣ ತಗಡಿನ ಡಬ್ಬಿ ಇರುತ್ತಿತ್ತು. ಅಜ್ಜಿ ಬೀಸಲು ಕಳಿಸಲೆಂದು ಜೋಳ ಅಳೆಯುವಾಗಲೆಲ್ಲ ಮೊದಲ ಹಿಡಿಯನ್ನು ಆ ಡಬ್ಬಿಗೆ ಹಾಕುತ್ತಿದ್ದಳು. ಭಾನುವಾರ ಅದನ್ನು ಚೀಲಕ್ಕೆ ಸುರುವಿಕೊಂಡು, ಬಸ್ಸು ಹತ್ತಿ ಹುಬ್ಬಳ್ಳಿಯ ಚರ್ಚಿಗೆ ಹೋಗುತ್ತಿದ್ದಳು. ಸ್ತ್ರೀಯರ ಸಂಘದವರು ಎಲ್ಲರ ಮನೆಯ ಕಾಳನ್ನೂ ಕೂಡಿಸಿ ಇಲ್ಲದವರ ಮನೆಗೆ ಮುಟ್ಟಿಸುತ್ತಿದ್ದರು.

ತಿಂಗಳ ಕೊನೆಯಲ್ಲಿ ನಮ್ಮ ಮನೆಯ ಡಬ್ಬಿಯೇ ತಳ ಕಂಡಾಗ ಅವ್ವ ಗೊಣಗುತ್ತಿದ್ದಳು. "ಅತ್ತಿ, ಈ ತಿಂಗಳ ನಾವ ಇಲ್ಲದವರು" ಎಂದು ಒಮ್ಮೆ ಅಂದೂ ಬಿಟ್ಟಳು. ಅಜ್ಜಿ ಸಿಟ್ಟಾಗಲಿಲ್ಲ. "ಹಿಡಿ ಸಣ್ಣದು ಮಾಡೂಣು, ನಿಲ್ಲಸೂದು ಬ್ಯಾಡ" ಅಂದಳು.

ಆ ಹಿಡಿಯ ಹಿಂದೆ ಒಂದು ಬರಗಾಲವಿದೆ ಎನ್ನುವುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದರು. ಶಾಲೆ ತೆಗೆದರು, ಪುಸ್ತಕ ಅಚ್ಚು ಹಾಕಿಸಿದರು. ಸಭೆಗೆ ಸೇರಿದವರು ಮಾತ್ರ ಬೆರಳೆಣಿಕೆಯ ಜನ. ಸೇರಿದವರಿಗೆ ಮನೆ, ಬಾವಿ, ನೆಂಟಸ್ತನ ಎಲ್ಲವೂ ತಪ್ಪಿಹೋಗುತ್ತಿದ್ದ ಕಾಲ ಅದು. ಆಮೇಲೆ 1876ರಲ್ಲಿ ಧಾತು ಸಂವತ್ಸರದ ಬರ ಬಂತು. ಎರಡು ವರ್ಷ ಮಳೆ ಕೈಕೊಟ್ಟಿತು. ದಖ್ಖನ್ನು, ಮೈಸೂರು, ಮದ್ರಾಸು ಸೀಮೆಗಳಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು ಎಂದು ಲೆಕ್ಕ ಹಾಕಿದವರು ಹೇಳುತ್ತಾರೆ. ಬರದ ನಾಡಿಗೆ ಕಾಳು ಮುಟ್ಟಿಸಬೇಕೆಂಬ ವಿಚಾರ ಬಲವಾದದ್ದರಿಂದಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿಯನ್ನು ರೈಲಿನ ಊರು ಮಾಡಿದ್ದರಲ್ಲಿ ಆ ಹಸಿವಿನ ಪಾಲೂ ಇದೆ.

ಅಜ್ಜಿಯ ಅಜ್ಜಿ ಆ ಬರದ ಕೂಸು. ತಂದೆತಾಯಿ ದಾರಿಯಲ್ಲಿ ತೀರಿಕೊಂಡರು. ಏಳೆಂಟು ವರ್ಷದ ಹುಡುಗಿಯನ್ನು ಮಿಷನ್ನಿನವರು ಗಂಜಿ ಕುಡಿಸಿ ಸಾಕಿದರು. ಅವಳಿಗೆ ತನ್ನ ಊರಿನ ಹೆಸರು ನೆನಪಿರಲಿಲ್ಲ. ಹಳೆಯ ಹೆಸರೂ ಉಳಿಯಲಿಲ್ಲ. ಜೀವ ಉಳಿಯಿತು. ಅದರ ಜೊತೆಗೇ ಒಂದು ಮಾತೂ ಉಳಿಯಿತು: ಗಂಜಿಗೆ ಜಾತಿ ಬಿಟ್ಟವರು. ಮೂರು ತಲೆಮಾರು ಕಳೆದರೂ ಬೆಟಗೇರಿಯ ಓಣಿಯಲ್ಲಿ ಜಗಳವಾದಾಗ ಆ ಮಾತು ಹೊರಗೆ ಬರುತ್ತಿತ್ತಂತೆ. ಅಜ್ಜಿ ಅದನ್ನು ಕೇಳುತ್ತಲೇ ಬೆಳೆದವಳು. ಮುಂದೆ ಶಾಲೆಯಲ್ಲಿ ಅಕ್ಕೋರಾದರೂ ಮರೆತಿರಲಿಲ್ಲ.

ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಉತ್ತರ ಕರ್ನಾಟಕದ ದೂರದ ಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ಕರೆಂಟು ಕೊಡಿಸಿಕೊಳ್ಳಲು ಬಂದವರು ವಾರಗಟ್ಟಲೆ ನಿಲ್ಲಬೇಕು. ಜೊತೆಗೆ ಬಂದವರು ಸಿಕ್ಕ ನೆರಳಿನಲ್ಲಿ ಕೂತಿರುತ್ತಾರೆ. ಅಜ್ಜಿ ವಾರಕ್ಕೆರಡು ದಿನ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು. ಚೀಲ ಹೊರುವ ಕೆಲಸ ನನ್ನದು.

ಒಂದು ಸಲ, ಗಂಡನನ್ನು ಕರೆತಂದಿದ್ದ ಹೆಣ್ಣುಮಗಳೊಬ್ಬಳು ಕೈ ಹಿಂದೆಗೆದಳು. "ಅವ್ವಾರ, ನೀವು ಚರ್ಚಿನವರಂತ. ನಾವು ಹೊರಗಿನವರ ಕೈಯಾಂದು ಉಣ್ಣಂಗಿಲ್ರಿ" ಎಂದು ಕೆಳಗೆ ನೋಡುತ್ತ ಹೇಳಿದಳು. ನನಗೆ ಮೈ ಉರಿಯಿತು. ಉಪವಾಸ ಕೂತವಳಿಗೆ ಇಷ್ಟು ಸೊಕ್ಕೇ ಅನ್ನಿಸಿತು. ಅಜ್ಜಿ ಬುತ್ತಿ ಮುಚ್ಚಿ, "ತಪ್ಪಿಲ್ಲ ಬಿಡವ್ವಾ" ಅಂದಳು. ಸಂಜೆ ಮತ್ತೆ ನನ್ನನ್ನು ಕರೆದುಕೊಂಡು ಹೋದಳು. ಈ ಸಲ ಚೀಲದಲ್ಲಿ ಇದ್ದದ್ದು ಎರಡು ಸೇರು ಜೋಳದ ಹಿಟ್ಟು, ನಮ್ಮ ಹಳೆಯ ಸ್ಟೋವು, ಒಂದು ಬಾಟಲಿ ಚಿಮಣಿ ಎಣ್ಣೆ, ಅಂಗಡಿಯಿಂದ ಆಗಷ್ಟೇ ತಂದ ಹೊಸ ಹಂಚು. "ನೀನ ಬಡಕೋ. ಹೋಗೂವಾಗ ಸ್ಟೋವು ಇನ್ನೊಬ್ಬರಿಗೆ ಕೊಟ್ಟು ಹೋಗು" ಅಂದಳು. ಆ ಹೆಣ್ಣುಮಗಳು ಏನೂ ಹೇಳಲಿಲ್ಲ. ಸ್ಟೋವು ಎಳೆದುಕೊಂಡು ಪಿನ್ನು ಹಾಕಿ ನೋಡಿದಳು.

ದಾರಿಯಲ್ಲಿ ನಾನು, "ಅಕಿ ನಮ್ಮನ್ನ ಮುಟ್ಟಿಸಿಕೊಳ್ಳಲಿಲ್ಲಲ್ಲಾ, ನಿನಗ ಏನೂ ಅನ್ನಿಸಲಿಲ್ಲೇನು?" ಎಂದು ಕೇಳಿದೆ.

"ಅನ್ನಸ್ತು. ಆದರ ನಮ್ಮಜ್ಜಿಗೆ ಗಂಜಿ ಕೊಟ್ಟಾಗ, ಬ್ಯಾಡ ಅನ್ನಾಕ ಆಕಿಗೆ ದಾರಿ ಇರಲಿಲ್ಲ. ಇಕಿಗೆ ಇರಲಿ" ಅಂದಳು.

ಗಂಜಿ ಕೊಟ್ಟವರನ್ನು ಅಜ್ಜಿ ಎಂದೂ ಹಳಿದವಳಲ್ಲ. ಆ ಗಂಜಿಯಿಲ್ಲದಿದ್ದರೆ ತಾನಿಲ್ಲ ಎಂದು ಬಲ್ಲವಳು. ಭಾನುವಾರದ ಆರಾಧನೆ ತಪ್ಪಿಸಿದವಳೂ ಅಲ್ಲ. ಆದರೆ ಉಣ್ಣುವವರ ಮೇಲೆ ಋಣ ಹೊರಿಸದ ಹಾಗೆ ಉಣಿಸುವುದನ್ನು ಅವಳು ತಾನೇ ಕಲಿತುಕೊಂಡಳು.

ಮಿಷನ್ನಿನ ಚರಿತ್ರೆಯ ಪುಸ್ತಕಗಳನ್ನು ಈಚೆಗೆ ತಿರುವಿ ಹಾಕಿದೆ. 1894ರಲ್ಲಿ ಹೊರಬಂದ ನಿಘಂಟಿನ ಕಿಟ್ಟೆಲ್ ಇದ್ದಾರೆ, 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದ ಮೊಗ್ಲಿಂಗ್ ಇದ್ದಾರೆ. ಇರಬೇಕಾದವರೇ. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸೆರೆಯಲ್ಲಿಟ್ಟು, ಆಮೇಲೆ ಊರಿಗೆ ಕಳಿಸಿದ ಮೇಲೂ ಇಲ್ಲಿನ ಸಭೆಗಳು ಉಳಿದವು. 1970ರಲ್ಲಿ ಧಾರವಾಡವನ್ನು ಕೇಂದ್ರ ಮಾಡಿಕೊಂಡು ದಕ್ಷಿಣ ಭಾರತ ಸಭೆಯ ಉತ್ತರ ಸಭಾಪ್ರಾಂತವೂ ಆಯಿತು. ನಡುವಿನ ವರ್ಷಗಳಲ್ಲಿ ಇಲ್ಲದವರ ಒಲೆ ಹೊತ್ತಿಸಿದವರು ಯಾರು ಎಂದು ಹುಡುಕಿದರೆ ಹೆಸರುಗಳು ಸಿಗುವುದಿಲ್ಲ. 'ಸ್ತ್ರೀಯರ ಸಂಘದವರು' ಎಂಬ ಒಂದು ಮಾತು ಸಿಕ್ಕರೆ ಹೆಚ್ಚು.

ಅಜ್ಜಿ 1999ರಲ್ಲಿ ತೀರಿಕೊಂಡಳು. ಮಣ್ಣು ಮುಗಿಸಿ ಬಂದ ಮರುದಿನ ಅವ್ವ ಜೋಳ ಅಳೆಯಲು ಕೂತಳು. ಮೊದಲ ಹಿಡಿ ತಗಡಿನ ಡಬ್ಬಿಗೆ ಹೋಯಿತು. ಅಜ್ಜಿಯ ಹಿಡಿಗಿಂತ ದೊಡ್ಡದೇ ಇತ್ತು.