ಉಪಗ್ರಹ ಚಿತ್ರವೂ ಸರ್ವೆ ಕಲ್ಲೂ

ಹವಾಮಾನದ ಹಕ್ಕು 2024ರಲ್ಲಿ ಹುಟ್ಟಿತು, ಇನ್ನು ಉಪಗ್ರಹವೇ ಅದರ ಕಾವಲುಗಾರ ಎಂಬ ಮಾತು ವಿಚಾರ ಸಂಕಿರಣಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿದೆ. ಆ ವರ್ಷದ ಮಾರ್ಚಿನಲ್ಲಿ ಎಂ.ಕೆ. ರಂಜಿತ್‌ಸಿಂಹ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿದ್ದು ದೊಡ್ಡ ಹೆಜ್ಜೆಯೇ. ಆದರೆ ಆ ಹೆಜ್ಜೆಗೆ ದಾರಿ ಸವೆಸಿದವರು ಬೇರೆ.

ಪರಿಸರ ರಕ್ಷಣೆಯನ್ನು ಸಂವಿಧಾನಕ್ಕೆ ತಂದ 1976ರ 42ನೇ ತಿದ್ದುಪಡಿ, ಭೋಪಾಲ್ ದುರಂತದ ಬೆನ್ನಿಗೆ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ, ಶುದ್ಧ ನೀರು–ಗಾಳಿಯನ್ನು ಬದುಕುವ ಹಕ್ಕಿಗೆ ಸೇರಿಸಿದ 1991ರ ಸುಭಾಷ್ ಕುಮಾರ್ ತೀರ್ಪು ಪಠ್ಯಪುಸ್ತಕಗಳಲ್ಲಿವೆ.

ಪಠ್ಯಪುಸ್ತಕಕ್ಕೆ ಬಾರದ್ದು ಕುಸನೂರು ಹಳ್ಳಿಯ ಹೋರಾಟ. ಹರಿಹರ ಪಾಲಿಫೈಬರ್ಸ್ ಜೊತೆ ಸರ್ಕಾರ ಕಟ್ಟಿದ ಜಂಟಿ ಕಂಪನಿಗೆ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಭೂಮಿ ಕೊಟ್ಟದ್ದನ್ನು ವಿರೋಧಿಸಿ, 1987ರ ನವೆಂಬರ್ 14ರಂದು ರೈತರು ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಸಿ ನೀಲಗಿರಿ ಸಸಿ ಕಿತ್ತರು. ಶಿವರಾಮ ಕಾರಂತರು ಮತ್ತು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೂ ಹೋದರು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು. ಹೊಲದಲ್ಲಿ ನಿಂತವರೇ ಕೋರ್ಟಿನಲ್ಲೂ ನಿಂತದ್ದು ಈ ಪರಂಪರೆಯ ಬಲ.

ಅದೇ ಸಂಘಟನೆಯ ಅರ್ಜಿ ಬಳ್ಳಾರಿ ಗಣಿಗಳನ್ನೂ ಅಲುಗಿಸಿತು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟ ಹೊತ್ತಿಗೆ ಕೋರ್ಟಿನ ಆದೇಶದಂತೆ ಅರಣ್ಯ, ಗಣಿ, ಕಂದಾಯ ಇಲಾಖೆಗಳ ಜಂಟಿ ತಂಡ ಕೆಲಸಕ್ಕಿಳಿದಿತ್ತು. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ 166 ಗುತ್ತಿಗೆಗಳ ಗಡಿಯನ್ನು ಉಪಗ್ರಹ ಚಿತ್ರ, ಜಿಪಿಎಸ್ ಯಂತ್ರ ಎರಡನ್ನೂ ಹಿಡಿದು ಸ್ಥಳದಲ್ಲೇ ಅಳೆದರು. ಗಡಿ ಮೀರಿ ಅಗೆದ, ಮಣ್ಣು ಸುರಿದ ಪ್ರಮಾಣ ನೋಡಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು; ಉಲ್ಲಂಘನೆ ಅತಿ ಹೆಚ್ಚಿದ್ದವು ಸಿ. 2013ರ ಏಪ್ರಿಲ್ 18ರ ತೀರ್ಪು ಸಿ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿತು. ಡಿಜಿಟಲ್ ಸಾಧನದಿಂದ ಹೊಣೆಗಾರಿಕೆ ಹೇಗೆ ಬರುತ್ತದೆ ಎಂಬುದಕ್ಕೆ ದೇಶದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಚಿತ್ರ ಅನುಮಾನ ಹುಟ್ಟಿಸಿತು, ಅಳತೆ ಅದನ್ನು ಸಾಬೀತು ಮಾಡಿತು.

ಈಚಿನ ಸಾಧನಗಳು ಹೇರಳ. ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುತ್ತದೆ. ರಾಜಕಾಲುವೆ ಒತ್ತುವರಿ ಪತ್ತೆಗೆ ಇದು ನಿಜಕ್ಕೂ ಉಪಕಾರಿ. 17 ವರ್ಗದ ಮಾಲಿನ್ಯಕಾರಕ ಕಾರ್ಖಾನೆಗಳು ಆನ್‌ಲೈನ್ ಮಾಪಕ ಅಳವಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಸೂಚಿಸಿತು. ಪರಿಸರ ಅನುಮತಿಯ ಕಡತಗಳು 2018ರಿಂದ ‘ಪರಿವೇಶ್’ ಜಾಲತಾಣದಲ್ಲಿವೆ.

ಆದರೆ ಕಾನೂನಿನ ಬಾಗಿಲು ಅಷ್ಟು ಅಗಲವಾಗಿಲ್ಲ. ಹಸಿರು ನ್ಯಾಯಮಂಡಳಿಗೆ ಸಾಕ್ಷ್ಯ ಕಾಯ್ದೆಯ ಕಟ್ಟುಪಾಡಿಲ್ಲ, ನಿಜ. ಆದರೆ ಮಾಮೂಲಿ ಕೋರ್ಟಿನಲ್ಲಿ ಮೊಬೈಲಿನ ಒಂದು ಚಿತ್ರ ನಿಲ್ಲಬೇಕಾದರೂ 2024ರ ಜುಲೈಯಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅದರಲ್ಲಿ ತಜ್ಞರ ಸಹಿ ಬೇಕು. ಹಳ್ಳಿಯ ರೈತನಿಗೆ ಆ ತಜ್ಞರನ್ನು ಒದಗಿಸುವವರು ಯಾರು?

ಭಾಷೆಯದು ಇನ್ನೂ ದೊಡ್ಡ ಕೊರತೆ. ಯೋಜನೆಗಳ ಪರಿಸರ ಪರಿಣಾಮ ಅಂದಾಜು ಕುರಿತ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲಿಗೆ ಮುನ್ನ ಪರಿಣಾಮ ವರದಿಯ ಸಾರಾಂಶವಷ್ಟೇ ಕನ್ನಡದಲ್ಲಿ ಸಿಕ್ಕರೆ ಸಾಕು. 2020ರಲ್ಲಿ ಹೊಸ ಕರಡು ಅಧಿಸೂಚನೆ ಜನರ ಭಾಷೆಗಳಲ್ಲಿ ಬಾರದಿದ್ದಾಗ ಕರ್ನಾಟಕ ಹೈಕೋರ್ಟ್ ಅದರ ಅಂತಿಮ ಪ್ರಕಟಣೆಯನ್ನೇ ತಡೆದಿತ್ತು. ಆ ತತ್ವವನ್ನು ಪೂರ್ಣ ವರದಿಗೂ, ಕಾರ್ಖಾನೆ ಮಾಪಕಗಳ ಅಂಕಿಅಂಶಕ್ಕೂ ಅನ್ವಯಿಸುವಂತೆ ಕೋರುವ ಕೆಲಸ ಬಾಕಿ ಇದೆ.